ಮದ್ದೂರು ಮೇಲೋ, ಮಂಡ್ಯ ಮೇಲೋ

ಡಿಜಿಟಲ್ ಗ್ಲೋಬು ಶಾಲೆಯಲ್ಲಿ ಉಳಿಯಬೇಕಾದರೆ ಒಂಬತ್ತನೇ ತರಗತಿಯ ಮಕ್ಕಳು ಇವತ್ತು ಸರಿಯುತ್ತರ ಹೇಳಬೇಕಿತ್ತು. ಅದನ್ನು ಎರವಲು ಕೊಟ್ಟಿದ್ದ ಸಂಸ್ಥೆಯ ಪ್ರಸನ್ನ ಪರೀಕ್ಷೆ ಮಾಡಲು ಬಂದು ಕೂತಿದ್ದ. ಮಕ್ಕಳು ಎಡವಿದರೆ ಅದು ಮದ್ದೂರು ಪಕ್ಕದ ಈ ಹಳ್ಳಿ ಬಿಟ್ಟು ಮಳವಳ್ಳಿ ಕಡೆಯ ಶಾಲೆಗೆ ಹೋಗುತ್ತಿತ್ತು.

ಸಮಾಜ ಪಾಠದ ಮಂಜುಶ್ರೀಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ದೊಡ್ಡ ಪರದೆಯ ಮೇಲೆ ಭೂಮಿಯನ್ನು ಬೆರಳಲ್ಲಿ ತಿರುಗಿಸಲು ಸಿಕ್ಕಾಗಿನಿಂದ ಊಟದ ಮೇಲಿನ ಪಿರಿಯಡ್ಡಿನಲ್ಲೂ ಯಾರೂ ತೂಕಡಿಸುತ್ತಿರಲಿಲ್ಲ.

ಜಪಾನು, ಬ್ರೆಜಿಲ್ಲು, ನೈಲ್ ನದಿ ಎಲ್ಲ ಸಲೀಸಾಗಿ ಸಿಕ್ಕವು. ಕೊನೆಗೆ ಪ್ರಸನ್ನ ಅರ್ಪಿತಳನ್ನು ಕರೆದು, ತನ್ನ ಲೆಕ್ಕದಲ್ಲಿ ಸುಲಭದ್ದೊಂದು ಕೇಳಿದ.

"ಮದ್ದೂರು, ಮಂಡ್ಯ. ಯಾವುದು ಮೇಲಿದೆ?"

"ಮಂಡ್ಯ, ಸಾರ್."

"ಸರಿಯಾಗಿ ನೋಡಮ್ಮ."

ಪರದೆಯಲ್ಲಿ ಮದ್ದೂರೇ ಚೂರು ಮೇಲಿತ್ತು. ಅರ್ಪಿತ ನೋಡಿದಳು. "ಮಂಡ್ಯದೋರೇ ಸಾರ್ ಮೇಲ್ನೋರು. ಅವ್ರು ಬುಟ್ಟ ಮೇಲೆ ತಾನೆ ನಾಲೇಲಿ ನಮ್ಗೆ ನೀರು ಬರಾದು?"

"ಬುಟ್ರಲ್ಲ! ಅವ್ರ ಗದ್ದೆಗೇ ತೂಬು ಎತ್ಕೊಂಡು ಕೂತವ್ರೆ ಕಣಮ್ಮಿ," ಎಂದ ಹಿಂದಿನ ಬೆಂಚಿನ ಸಂತೋಷ್. ಕ್ಲಾಸು ಗೊಳ್ಳೆಂದಿತು.

ಅರ್ಪಿತ ನಗಲಿಲ್ಲ. "ಇದ್ರಲ್ಲಿ ನಾಲೆಗೆ ನೀರು ಬುಡೋ ಕನ್ನಂಬಾಡಿ ಕಟ್ಟೆ ಕೆಳಗೈತೆ, ನಾವು ಮೇಲಿದ್ದೀವಿ. ನೀರು ಮೇಲಕ್ಕೆ ಅರೀತದಾ ಸಾರ್?"

ಪ್ರಸನ್ನ ಮಂಜುಶ್ರೀ ಕಡೆ ತಿರುಗಿ ದನಿ ತಗ್ಗಿಸಿದ. "ಮದ್ದೂರು ಅಂದುಬಿಡಲಿ ಮೇಡಂ. ಮುಗಿಸಿಬಿಡೋಣ."

ಒಂದು ಮಾತು ಸಾಕಿತ್ತು. ಆದರೆ ತಪ್ಪು ಎಲ್ಲಿಯದೆಂದು ಮಂಜುಶ್ರೀಗೆ ಹೊಳೆದಿತ್ತು. ಬೇಗ ತಲೆಗೆ ಹೋಗಲೆಂದು ಉತ್ತರ ಅಂದರೆ ಮೇಲೆ, ದಕ್ಷಿಣ ಅಂದರೆ ಕೆಳಗೆ ಎಂದು ಕಲಿಸಿದವಳು ಅವಳೇ. ನಾಲೆಯ ಕೊನೆಯ ಈ ಹಳ್ಳಿಗಳಲ್ಲಿ ಮೇಲೆ ಅಂದರೆ ನೀರು ಬರುವ ಕಡೆ.

"ಉತ್ತರಕ್ಕೆ ಯಾವುದು ಅಂತ ಕೇಳಿ ಸರ್. ಹೇಳ್ತಾಳೆ."

"ಪ್ರಶ್ನೆ ಬದಲಾಯಿಸೋ ಹಾಗಿಲ್ಲ ಮೇಡಂ."

"ಹಾಗಾದ್ರೆ ತಪ್ಪು ಅಂತಲೇ ಹಾಕ್ಕೊಳ್ಳಿ," ಎಂದು ಮಂಜುಶ್ರೀ ಪರದೆಯ ಬಳಿ ಹೋದಳು. ಬೆರಳಿಟ್ಟ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಮೂಲೆಯಲ್ಲಿ ಮೂಡುತ್ತಿತ್ತು. ಅರ್ಪಿತಳ ಬೆರಳನ್ನು ಮೊದಲು ಕನ್ನಂಬಾಡಿಯ ಮೇಲೆ, ಆಮೇಲೆ ಮಂಡ್ಯದ ಮೇಲೆ, ಕೊನೆಗೆ ಮದ್ದೂರಿನ ಮೇಲೆ ಇಡಿಸಿದಳು.

"ಕಮ್ಮಿ ಆಯ್ತಾ ಬತ್ತದೆ ಮಿಸ್."

"ಹೂಂ. ನೀರು ಉತ್ತರದ ಕಡೆಗೇ ಬಂದರೂ ಇಳೀತಾನೇ ಬರುತ್ತೆ. ಉತ್ತರ ಅನ್ನೋದು ದಿಕ್ಕು. ಎತ್ತರ ಅಲ್ಲ."

"ಮಂಡ್ಯದೋರ್ಗೂ ಮೇಲ್ನೋರು ಯಾರಾನ ಅವ್ರಾ ಮಿಸ್?" ಎಂದು ಸಂತೋಷ್ ಎದ್ದು ಬಂದ. ಅವನ ಹಿಂದೆ ಮಿಕ್ಕವರೂ ಬಂದು ಪರದೆಗೆ ಮುತ್ತಿಕೊಂಡರು. ಕಾವೇರಿ ಹಿಡಿದು ಕೊಡಗಿನವರೆಗೂ ಹೋದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಅವರು ಮುಗಿಸುವವರೆಗೂ ಪ್ರಸನ್ನ ಕಾದ. ಆದರೂ ಆ ಒಂದು ತಪ್ಪಿಗೆ ಅಂಕ ಸಾಲದೆ ಹೋಯಿತು.

ಮುಂದಿನ ವಾರ ವ್ಯಾನು ಬಂತು. ಪರದೆಯನ್ನು ಕಂಬಳಿಯಲ್ಲಿ ಸುತ್ತಿ ಏರಿಸುವಾಗ ಅರ್ಪಿತ ಮಂಜುಶ್ರೀ ಪಕ್ಕ ಬಂದು ನಿಂತಳು.

"ಮಳವಳ್ಳಿ ನಮ್ಗಿಂತ ಮೇಲಾ, ಕೆಳಗಾ ಮಿಸ್?"

"ದಕ್ಷಿಣಕ್ಕಿದೆ," ಎಂದಳು ಮಂಜುಶ್ರೀ. "ಎತ್ತರ ಎಷ್ಟು ಅಂತ ನೋಡಿಕೊಂಡಿರಲಿಲ್ಲ."