ಅಣ್ಣನ ಗಡ್ಡ

ರೇಡಿಯೊ ಅಂತ ಅಡ್ಡಹೆಸರು ಬಿದ್ದ ಮೇಲೆ ಆ ಕ್ಷೌರಿಕನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋದಂತಿತ್ತು. ಬಾಯಿ ಅಂದರೆ ಬಾಯಿ. ಮೂರು ವರ್ಷದ ಹಿಂದೆ ಯೇಸುವಿನಲ್ಲಿ ನಂಬಿಕೆಯಿಟ್ಟವನು, ಸಿಕ್ಕ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ, ಅಂಗಡಿಯ ಕುರ್ಚಿಯಲ್ಲಿ ಕೂತವರಿಗೆಲ್ಲ ಹಂಚತೊಡಗಿದ್ದ. ಹಂಚುವ ಕ್ರಮವೂ ಅವನದೇ. ಮುಖಕ್ಕೆ ನೊರೆ ಹಚ್ಚುವಾಗ ಪಾಪದ ಮಾತು, ಕೆನ್ನೆ ಕೆರೆಯುವಾಗ ಶಿಲುಬೆಯ ಮಾತು, ಕತ್ತಿ ಗಂಟಲಿಗೆ ಬರುವ ಹೊತ್ತಿಗೆ ಸರಿಯಾಗಿ ಪ್ರಶ್ನೆ: "ನೀವು ನಂಬ್ತೀರಾ?"

ಗಂಟಲ ಮೇಲೆ ಕತ್ತಿ ಇರುವಾಗ ಇಲ್ಲ ಅನ್ನುವ ಗಂಡು ಯಾರಿದ್ದಾನೆ ಹೇಳಿ. ಒಂದೇ ತಿಂಗಳಲ್ಲಿ ಹದಿನೇಳು ಜನ ಹೂಂ ಅಂದರು. ರೇಡಿಯೊನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಪ್ರಾರ್ಥನೆಗೆ ಎರಡು ಬೆಂಚು ಖಾಲಿ ಬಿಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ಕಾದ. ಒಂದು ನರಪಿಳ್ಳೆಯೂ ಆ ಕಡೆ ಸುಳಿಯಲಿಲ್ಲ. ಅದರ ಮೇಲೆ ಸೋಮವಾರ ಪಾಸ್ಟರೇ ಕ್ಷೌರಕ್ಕೆ ಬಂದಾಗ, ಅಭ್ಯಾಸಬಲದಿಂದ ಅವರ ಗಂಟಲಿಗೂ ಕತ್ತಿಯಿಟ್ಟು ನೀವು ನಂಬ್ತೀರಾ ಅಂತ ಕೇಳಿಬಿಟ್ಟ. ಪಾಸ್ಟರ್ ನಕ್ಕ ನಗುವಿಗೆ ನೊರೆ ಹಾರಿ ಕನ್ನಡಿಗೆ ಬಡಿಯಿತು.

ಮುಖ ಒರೆಸಿಕೊಂಡ ಮೇಲೆ ಅವರು ಮೆಲ್ಲಗೆ ಹೇಳಿದರು: "ಕತ್ತಿ ಹಿಡಿಯೋದು ನಿನ್ನ ಕೆಲಸ ಕಣಪ್ಪ. ಮಿಕ್ಕಿದ್ದು ಯೇಸುವಿನ ಕೈಗೆ ಬಿಡು. ಜನ ಅವರಾಗೇ ಕೇಳೋ ತನಕ ಬಾಯಿ ಬಿಡಬೇಡ."

ಬಾಯಿ ಬಿಡಬೇಡ ಅಂದರೆ ರೇಡಿಯೊ ಸಾಯುವುದೊಂದು ಬಾಕಿ. ಅದೂ ಅಣ್ಣನ ವಿಷಯದಲ್ಲಿ ಹೇಗೆ ಸುಮ್ಮನಿರುವುದು? ಊರೆಲ್ಲ ಒಂದು ಕಡೆ, ಅಣ್ಣ ಒಬ್ಬನೇ ಒಂದು ಕಡೆ. ಕೈ ಹಿಡಿದು ಕೆಲಸ ಕಲಿಸಿದ್ದ ಅಣ್ಣ, ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ನನಗೆ ಸಾಕಾಯಿತು ಅಂತ ಅಂಗಡಿಯ ಬೀಗದಕೈ ತಮ್ಮನಿಗೆ ಕೊಟ್ಟು ಮನೆ ಸೇರಿದ್ದ. ಸಾಲದ್ದಕ್ಕೆ ಗಡ್ಡ ಬಿಟ್ಟಿದ್ದ. ಆ ಗಡ್ಡ ತನ್ನ ಉಪದೇಶದ ಮೇಲಿನ ಸಿಟ್ಟಿಗೇ ಬೆಳೆದದ್ದು ಅನ್ನುವುದರಲ್ಲಿ ರೇಡಿಯೊಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ಕುರ್ಚಿಯಲ್ಲಿ ಕೂರಬಾರದು ಅಂತಲೇ ಆ ಪೊದೆ ಬೆಳೆಸಿದ್ದಾನೆ ಅಂತ ಹೆಂಡತಿಯ ಹತ್ತಿರ ಗೋಳಾಡಿದ್ದ. ಅಣ್ಣನನ್ನು ಹೀಗೇ ಕಳೆದುಕೊಂಡುಬಿಡುತ್ತೇನೇನೋ ಅನ್ನುವ ಭಯ ಅವನಿಗೆ.

ಆದರೂ ಮಾರನೆಯ ಬೆಳಿಗ್ಗೆ, ಅಂಗಡಿಯ ಬಾಗಿಲು ಎತ್ತುವ ಮೊದಲು, ಅಲ್ಲೇ ಮೆಟ್ಟಿಲ ಮೇಲೆ ಕೂತು ಪ್ರಾರ್ಥಿಸಿದ. ಸ್ವಾಮಿ, ಈ ಬಾಯಿ ನೀನೇ ಇಟ್ಟುಕೋ, ನನಗೆ ಇದನ್ನು ಸಂಭಾಳಿಸಲು ಆಗುತ್ತಿಲ್ಲ ಅಂದ. ಅಂದದ್ದೇ ತಡ, ಮೈಯೆಲ್ಲ ಹಗುರಾಗಿ ತಲೆ ಗಿರ್ರೆಂದಿತು. ಹದಿನೇಳು ಜನರನ್ನು ಎಳೆದು ತರುವ ಕೆಲಸ ತನ್ನದಲ್ಲವಂತೆ! ಅಯ್ಯೋ, ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ. ಆ ದಿನ ಅವನು ತುಟಿ ಪಿಟಕ್ಕೆನ್ನದೆ, ಒಳಗೊಳಗೇ ನಗುತ್ತ, ಒಬ್ಬರಾದ ಮೇಲೊಬ್ಬರ ಕ್ಷೌರ ಮಾಡಿದ. ಬಸ್ ಡ್ರೈವರ್ ತನ್ನ ಹಲ್ಲುನೋವಿನ ಕಥೆ ಹೇಳಿದ. ಗಣಿತದ ಮೇಷ್ಟರು ಅತ್ತೆಯ ಕಥೆ ಹೇಳುತ್ತ ಕಣ್ಣೀರು ಹಾಕಿಕೊಂಡು ನಕ್ಕರು. ಜನಕ್ಕೂ ಬಾಯಿ ಇದೆ ಅನ್ನುವುದು ರೇಡಿಯೊಗೆ ಅವತ್ತೇ ಗೊತ್ತಾದದ್ದು.

ಗುರುವಾರ ಮಧ್ಯಾಹ್ನ ಅಣ್ಣ ಬಂದ. ಮಗಳ ಮದುವೆಗೆ ಮೂರೇ ದಿನ. ಗಡ್ಡ ತೆಗೆಸದಿದ್ದರೆ ಫೋಟೊಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ ಅಂತ ಮಗಳು ಹಟ ಹಿಡಿದಿದ್ದಳಂತೆ. ಕುರ್ಚಿಯಲ್ಲಿ ಬಿಗಿಯಾಗಿ ಕೂತು, ಬರುವುದೆಲ್ಲ ಬರಲಿ ಅಂತ ಕಣ್ಣು ಮುಚ್ಚಿದ. ರೇಡಿಯೊ ಬಿಳಿ ಬಟ್ಟೆ ಹೊದಿಸಿದ, ಕತ್ತರಿ ಆಡಿಸಿದ, ನೊರೆ ಹಚ್ಚಿದ. ಎರಡು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಸ್ವಾಮಿ, ಹಿಡಿದುಕೋ, ಬಿಡಬೇಡ, ಅಂತ ಮನಸ್ಸಿನಲ್ಲೇ ಬೇಡಿಕೊಂಡು ಒಂದು ಕೆನ್ನೆ ಮುಗಿಸಿದ.

ಅಣ್ಣ ಒಂದು ಕಣ್ಣು ತೆರೆದ. "ಯಾಕೋ, ಹುಷಾರಿಲ್ವಾ?"

ರೇಡಿಯೊ ಚೆನ್ನಾಗಿದ್ದೇನೆ ಅಂತ ತಲೆಯಾಡಿಸಿದ. ಅಣ್ಣ ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಅವನನ್ನೇ ನೋಡಿದ. ಆಮೇಲೆ ಬಟ್ಟೆಯ ಅಡಿಯಿಂದ ಬಲಗೈ ಹೊರಗೆ ತೆಗೆದು ಅವನ ಮುಂದೆ ಹಿಡಿದ. ಕೈ ನಡುಗುತ್ತಿತ್ತು. ನಿಲ್ಲಿಸಲು ನೋಡಿದಷ್ಟೂ ಜಾಸ್ತಿಯಾಗುತ್ತಿತ್ತು.

"ಎರಡು ವರ್ಷದಿಂದ ಹೀಗೇ ಕಣೋ. ಕತ್ತಿ ಹಿಡಿಯೋಕಾಗ್ದೆ ಕೆಲಸ ಬಿಟ್ಟೆ. ನನ್ನ ಗಡ್ಡ ನಾನೇ ತೆಕ್ಕೊಳೋಕಾಗಲ್ಲ. ನಿಂಗೆ ಹೇಳೋಣ ಅಂತ ಎಷ್ಟು ಸಲ ಬಂದೆ, ನೀನು ಮಾತಾಡೋಕೆ ಬಿಟ್ರೆ ತಾನೆ?"

ರೇಡಿಯೊಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆ ನಾಚಿಕೆಯನ್ನೂ ತಳ್ಳಿಕೊಂಡು ಎಲ್ಲಿಂದಲೋ ಸಂತೋಷ ನುಗ್ಗಿ ಬಂತು: ಅಣ್ಣನಿಗೆ ನನ್ನ ಮೇಲೆ ಸಿಟ್ಟಿಲ್ಲ! ಕತ್ತಿ ಕೆಳಗಿಟ್ಟು, ಇನ್ನು ದಿನಾ ಬೆಳಿಗ್ಗೆ ಮನೆಗೇ ಬಂದು ಕ್ಷೌರ ಮಾಡುತ್ತೇನೆ ಅಂದ. ಅಣ್ಣ ಹೂಂ ಅಂದ. ಧಾರೆಯ ಹೊತ್ತಿಗೆ ಮಗಳ ಕೈ ಹಿಡಿಯಬೇಕು, ಎಲ್ಲರೆದುರಿಗೆ ಕೈ ನಡುಗಿದರೆ ಏನು ಮಾಡಲಿ ಅಂತ ಸಣ್ಣ ದನಿಯಲ್ಲಿ ಹೇಳಿಕೊಂಡ. ಆಮೇಲೆ ಗೋಡೆಯ ಕಡೆ ನೋಡುತ್ತ, "ನಿಮ್ಮ ಯೇಸುಗೆ ಒಂದು ಮಾತು ಹೇಳು. ಉದ್ದ ಬೇಡ," ಅಂದ.

ರೇಡಿಯೊ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಬೆರಳ ನೊರೆಯೆಲ್ಲ ಅದಕ್ಕೆ ಮೆತ್ತಿಕೊಂಡಿತು. ಗಂಟೆಗಟ್ಟಲೆ ಆಡಬಲ್ಲ ಬಾಯಿಗೆ ಒಂದು ಮಾತೂ ಸಿಗಲೊಲ್ಲದು.

"ಸ್ವಾಮಿ, ಇದು ನಮ್ಮಣ್ಣನ ಕೈ," ಅಂದ.

ಅರ್ಧ ಗಡ್ಡದ ಅಣ್ಣ ಕಾದ. "ಅಷ್ಟೇನಾ?"

"ಅಷ್ಟೇ, ಅಣ್ಣಾ."

ಅಣ್ಣ ಕಣ್ಣು ಮುಚ್ಚಿಕೊಂಡ. ಕೈ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳು," ಅಂದ.