ಮೂರು ವರ್ಷಕ್ಕೆ ಹದಿನಾಲ್ಕು ಸರ್ವರ್

ನಮ್ಮ ಮನೆಯವರಿಗೆಲ್ಲ ಒಂದು ಕೆಟ್ಟ ಅಭ್ಯಾಸ. ಕೈಗೆತ್ತಿಕೊಂಡ ಕೆಲಸ ಪೂರ್ತಿ ಮುಗಿಯುವವರೆಗೆ ಅದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅಪ್ಪ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಹೊಸ ಮನೆ ಒಪ್ಪಿಕೊಂಡ ಸುದ್ದಿ ಅಮ್ಮನಿಗೆ ತಿಳಿಯುತ್ತಿದ್ದದ್ದು ಕೊನೆಯ ಗೋಡೆ ಒಣಗಿದ ಮೇಲೆ. ಅಮ್ಮನೇನು ಕಡಿಮೆಯಲ್ಲ, ನನ್ನ ತಮ್ಮ ಹೊಟ್ಟೆಯಲ್ಲಿದ್ದಾನೆಂದು ಐದು ತಿಂಗಳು ಯಾರಿಗೂ ಹೇಳಿರಲಿಲ್ಲವಂತೆ. ಇಂಥವರ ಮಕ್ಕಳಾದ ನಾವಿಬ್ಬರೂ ಈಗ ಒಂದೇ ಆಫೀಸಿನಲ್ಲಿದ್ದೇವೆ. ನಾನು ಲೆಕ್ಕಪತ್ರ ನೋಡುತ್ತೇನೆ, ತಮ್ಮ ಸರ್ವರ್‌ಗಳನ್ನು ನೋಡಿಕೊಳ್ಳುತ್ತಾನೆ. ನನಗೆ ಅವನ ಕೆಲಸ ಅರ್ಥವಾಗುವುದಿಲ್ಲ ಎಂದು ಅವನು ತಿಳಿದಿದ್ದಾನೆ. ಅವನಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಎಂದು ನಾನು ತಿಳಿದಿದ್ದೇನೆ.

ಆಫೀಸೆಂದರೆ ದೊಡ್ಡದೇನಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ, ನಡುವೆ ಗಾಜಿನ ಗೋಡೆ, ಒಂಬತ್ತು ಜನ. ಸಣ್ಣ ಕ್ಲಿನಿಕ್‌ಗಳು ತೆಗೆಯುವ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ಜೋಪಾನವಾಗಿಟ್ಟು, ಡಾಕ್ಟರು ಎಲ್ಲಿಂದ ಕೇಳಿದರೂ ತೆರೆದು ತೋರಿಸುವುದು ನಮ್ಮ ಕೆಲಸ. ಯಜಮಾನರು ಒಂದು ಕಾಲದಲ್ಲಿ ತಾವೇ ಎಕ್ಸ್-ರೇ ತೆಗೆಯುತ್ತಿದ್ದವರು. ಈಗಲೂ ಯಾರಾದರೂ ಎದುರಿಗೆ ಬಂದು ನಿಂತರೆ, ‘ಅಲುಗಾಡಬೇಡಿ’ ಎನ್ನುವಂಥ ಮುಖ ಮಾಡುತ್ತಾರೆ. ಚಿತ್ರಗಳಿರುವ ಕಂಪ್ಯೂಟರುಗಳು ಮಾತ್ರ ನಮ್ಮವಲ್ಲ. ದೂರದಲ್ಲೆಲ್ಲೋ ಇರುವ ದೊಡ್ಡ ಕಂಪನಿಯೊಂದರ ಸರ್ವರ್‌ಗಳನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ಪಡೆಯುತ್ತೇವೆ. ಇದಕ್ಕೆ ಕ್ಲೌಡ್ ಅನ್ನುತ್ತಾರೆ. ಹೆಸರು ಹಗುರವಾಗಿದೆ, ತಿಂಗಳ ಕೊನೆಗೆ ಬರುವ ಬಿಲ್ ಹಾಗಿಲ್ಲ.

ಬಾಗಿಲ ಪಕ್ಕದ ಮೇಜು ಫೋನಮ್ಮನದು. ವಯಸ್ಸು ಐವತ್ತೇಳು. ಚಿತ್ರ ತೆರೆಯುತ್ತಿಲ್ಲವೆಂದು ಕ್ಲಿನಿಕ್‌ಗಳಿಂದ ಬರುವ ಕರೆಗಳನ್ನೆಲ್ಲ ಎತ್ತುವವರು ಅವರೇ. ಆ ಕಡೆಯಿಂದ ಡಾಕ್ಟರು ಹಾರಾಡುತ್ತಿದ್ದರೆ ಇವರು, “ಮೊದಲು ಒಂದು ಲೋಟ ನೀರು ಕುಡೀರಿ ಡಾಕ್ಟ್ರೇ, ಅಷ್ಟರಲ್ಲಿ ಚಿತ್ರ ಬರುತ್ತೆ,” ಎನ್ನುತ್ತಾರೆ. ಬಹುಪಾಲು ಬರುತ್ತದೆ ಕೂಡ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಲವತ್ತು ಕ್ಲಿನಿಕ್‌ಗಳಿಗೆ ಒಂದು ಸೊನ್ನೆ ಜಾಸ್ತಿ ಹಾಕಿ ಬಿಲ್ ಕಳಿಸಿದ್ದೆ. ಫೋನಮ್ಮ ಒಂದೇ ದಿನದಲ್ಲಿ ನಲವತ್ತೂ ಕಡೆ ಮಾತಾಡಿ, ಕ್ಷಮೆ ಕೇಳಿ, ಬಿಲ್ ಸರಿಪಡಿಸಿದರು. ಆ ವಿಷಯ ಇವತ್ತಿಗೂ ಯಜಮಾನರ ಕಿವಿಗೆ ಬಿದ್ದಿಲ್ಲ. ಆವತ್ತಿನಿಂದ ಅವರೆಂದರೆ ನನಗೆ ಪ್ರಾಣ. ತಮ್ಮನಿಗೂ ಅಷ್ಟೆ, ಅವನ ಕಾರಣ ಬೇರೆ ಏನೋ ಇರಬೇಕು, ನನಗೆ ಹೇಳಿಲ್ಲ.

ಹೋದ ತಿಂಗಳ ಮೊದಲ ವಾರ ಯಜಮಾನರು ನಮ್ಮಿಬ್ಬರನ್ನು ಒಳಗೆ ಕರೆದು ಗಾಜಿನ ಬಾಗಿಲು ಹಾಕಿದರು.

“ಕ್ಲೌಡ್ ಬಿಲ್ ಹೀಗೇ ಬಂದ್ರೆ ನಾನು ಬದುಕಲ್ಲ,” ಅಂದರು. “ನಾಲ್ಕನೇ ಒಂದು ಭಾಗ ಇಳೀಬೇಕು. ಇಲ್ಲ ಅಂದ್ರೆ ಫೋನ್ ಮೇಜು ತೆಗೀಬೇಕಾಗುತ್ತೆ. ಒಂದು ಕಂಪನಿಯವರು ರೆಕಾರ್ಡ್ ಮಾಡಿದ ದನಿ ಕೊಡ್ತಾರಂತೆ. ಒಂದು ಒತ್ತಿ, ಎರಡು ಒತ್ತಿ ಅನ್ನುತ್ತಲ್ಲ, ಅದು. ತಿಂಗಳ ಕೊನೇ ಶುಕ್ರವಾರ ಅವರಿಗೆ ಹೂಂ ಅಥವಾ ಉಹೂಂ ಹೇಳ್ಬೇಕು. ಫೋನಮ್ಮನಿಗೆ ಈಗಲೇ ಏನೂ ಹೇಳ್ಬೇಡಿ.”

ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ. ಐವತ್ತೇಳು ವರ್ಷದ ಹೆಂಗಸಿಗೆ ಬೇರೆಲ್ಲಿ ಕೆಲಸ ಸಿಗುತ್ತದೆ ಎಂದು ಅವರಿಗೂ ಗೊತ್ತು. ನಾನು ತಲೆಯಾಡಿಸಿದೆ, ತಮ್ಮನೂ ಆಡಿಸಿದ. ಹೊರಗೆ ಬಂದು ಅವನು ತನ್ನ ಮೇಜಿಗೆ ಹೋದ, ನಾನು ನನ್ನ ಮೇಜಿಗೆ. ಬೇರೆ ಯಾವ ಮನೆಯ ಅಕ್ಕ ತಮ್ಮನಾಗಿದ್ದರೂ ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ನಿಂತು ಎರಡು ಮಾತಾಡಿರುತ್ತಿದ್ದರು.

ಮುಂದಿನ ಎರಡು ವಾರ ನಾನು ಕ್ಲೌಡ್ ಕಂಪನಿಯ ಬೆಲೆಪಟ್ಟಿಯನ್ನು ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಒಂದು ಸಂಗತಿ ಕಣ್ಣಿಗೆ ಬಿದ್ದದ್ದೇ ನನಗೆ ಸಿಟ್ಟು ನೆತ್ತಿಗೇರಿತು. ನಾವು ಕೊಡುತ್ತಿದ್ದದ್ದು ಲಾಡ್ಜಿನ ಬಾಡಿಗೆ. ಒಂದೇ ರಾತ್ರಿ ಉಳಿಯುವವರು ಕೊಡುವ ದರದಲ್ಲಿ ನಾವು ಆರು ವರ್ಷದಿಂದ ಸಂಸಾರ ಮಾಡುತ್ತಿದ್ದೆವು. ಇಷ್ಟು ಸರ್ವರ್, ಈ ಮಾದರಿಯದು, ಇಷ್ಟು ವರ್ಷ ನಮಗೇ ಬೇಕು ಎಂದು ಮುಂಚೆಯೇ ಮಾತು ಕೊಟ್ಟು ರಿಸರ್ವ್ ಮಾಡಿಸಿಕೊಂಡರೆ, ಅದೇ ಸರ್ವರ್ ಸುಮಾರು ಮೂರನೇ ಎರಡು ಭಾಗದ ಬೆಲೆಗೆ ಸಿಗುತ್ತಿತ್ತು. ಷರತ್ತು ಒಂದೇ. ಮಾತು ಕೊಟ್ಟ ಮೇಲೆ ಬಳಸಿದರೂ ಸರಿ, ಬಿಟ್ಟರೂ ಸರಿ, ತಿಂಗಳು ತಿಂಗಳು ದುಡ್ಡು ಕೊಡಲೇಬೇಕು.

ಹಳೆಯ ಬಿಲ್‌ಗಳನ್ನು ತೆಗೆದು ನೋಡಿದೆ. ನಮ್ಮಲ್ಲಿ ಇಪ್ಪತ್ತು ಸರ್ವರ್, ಎಲ್ಲವೂ ಒಂದೇ ಮಾದರಿ. ಕೆಲವು ಬೆಳಗಿನ ಹೊತ್ತು ಕ್ಲಿನಿಕ್‌ಗಳು ತೆರೆದಾಗ ಮಾತ್ರ ಓಡುವಂಥವು. ಹೆದರಿಕೆಯಿಂದ ಆರನ್ನು ಬಿಟ್ಟು ಹದಿನಾಲ್ಕನ್ನು ಲೆಕ್ಕ ಹಾಕಿದೆ. ಮೂರು ವರ್ಷಕ್ಕೆ ತೆಗೆದುಕೊಂಡರೆ ಬಿಲ್ ನಾಲ್ಕನೇ ಒಂದಕ್ಕಿಂತ ಚೂರು ಹೆಚ್ಚೇ ಇಳಿಯುತ್ತಿತ್ತು. ತಮ್ಮನನ್ನು ಒಂದು ಮಾತು ಕೇಳಬಹುದಿತ್ತು. ನಾಲ್ಕು ಹೆಜ್ಜೆ ಆಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಕೇಳಲಿಲ್ಲ. ಕೆಲಸ ಇನ್ನೂ ಮುಗಿದಿರಲಿಲ್ಲವಲ್ಲ.

ಕೊನೆಯಲ್ಲಿ ಕ್ಲೌಡ್ ಕಂಪನಿಯ ಪುಟ ಇನ್ನೊಂದು ಪ್ರಶ್ನೆ ಕೇಳಿತು. ಎರಡು ಬಗೆಯಿದ್ದವು. ಒಂದು, ಹೆಚ್ಚು ಅಗ್ಗ, ಆದರೆ ಒಮ್ಮೆ ತೆಗೆದುಕೊಂಡ ಮಾದರಿಯನ್ನು ಬದಲಾಯಿಸುವಂತಿಲ್ಲ. ಇನ್ನೊಂದರಲ್ಲಿ ರಿಯಾಯಿತಿ ಸ್ವಲ್ಪ ಕಡಿಮೆ, ಆದರೆ ಮಧ್ಯದಲ್ಲಿ ಬೇರೆ ಮಾದರಿಗೆ ಬದಲಾಯಿಸಿಕೊಳ್ಳಬಹುದು. ಬುದ್ಧಿವಂತರು ಅಗ್ಗದ್ದನ್ನೇ ಆರಿಸುತ್ತಾರೆ. ನಾನು ಅಲ್ಲೇ ಕೂತಿದ್ದ ತಮ್ಮನನ್ನು ನೋಡಿದೆ. ಮೂರು ಕೆಲಸ, ಎರಡು ಬೈಕು, ಒಂದು ನಿಶ್ಚಿತಾರ್ಥ ಅರ್ಧಕ್ಕೆ ಬಿಟ್ಟವನು. ಇವನನ್ನು ನಂಬಿ ಮೂರು ವರ್ಷ ಒಂದೇ ಮಾದರಿ ಎಂದರೆ ಕೆಟ್ಟೆವು ಅನ್ನಿಸಿ, ದುಬಾರಿಯದನ್ನೇ ಆರಿಸಿದೆ. ಗುರುವಾರ ಮಧ್ಯಾಹ್ನ ಗುಂಡಿ ಒತ್ತಿ, ಕಾಗದ ಫೈಲಿಗೆ ಹಾಕಿ, ಯಜಮಾನರ ಸೋಮವಾರದ ಮೀಟಿಂಗಿನವರೆಗೆ ಬಾಯಿಗೆ ಬೀಗ ಹಾಕಿಕೊಂಡೆ.

ಸೋಮವಾರ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಫೈಲ್ ಬಿಚ್ಚುವಷ್ಟರಲ್ಲಿ ಅವನು ಶುರು ಮಾಡಿಬಿಟ್ಟ.

“ಸರ್, ನಮ್ಮ ಇಪ್ಪತ್ತು ಸರ್ವರನ್ನೂ ಹೊಸ ಮಾದರಿಗೆ ಹಾಕಿದ್ದೀನಿ. ಮೂರು ವಾರದ ಕೆಲಸ, ನಿನ್ನೆ ಸಂಜೆ ಮುಗೀತು. ಹಳೇದಕ್ಕಿಂತ ಆರನೇ ಒಂದು ಭಾಗ ಅಗ್ಗ. ಒಂದು ಕ್ಲಿನಿಕ್‌ನಿಂದಲೂ ಕರೆ ಬಂದಿಲ್ಲ, ಬೇಕಾದ್ರೆ ಫೋನಮ್ಮನ್ನ ಕೇಳಿ.”

ಯಜಮಾನರ ಮುಖ ಅರಳಿತು, ಮತ್ತೆ ಅರ್ಧಕ್ಕೆ ನಿಂತಿತು. “ಆರನೇ ಒಂದು ಸಾಲಲ್ಲಪ್ಪ. ಆದ್ರೂ ಒಳ್ಳೇ ಕೆಲಸ.”

“ಹಳೇ ಮಾದರಿ ಒಂದೂ ಉಳಿದಿಲ್ವೇನೋ?” ಅಂದೆ.

“ಒಂದೂ ಇಲ್ಲ,” ಅಂದ ಹೆಮ್ಮೆಯಿಂದ.

ಲ್ಯಾಪ್‌ಟಾಪ್ ತೆರೆದು ರಿಸರ್ವ್ ಮಾಡಿದ್ದ ಪುಟ ನೋಡಿದೆ. ಹದಿನಾಲ್ಕು ಸರ್ವರ್, ಮೂರು ವರ್ಷ, ನಿನ್ನೆ ಸಂಜೆಯಿಂದ ಬಳಕೆ ಸೊನ್ನೆ. ನಾನು ಮಾತು ಕೊಟ್ಟಿದ್ದ ಮಾದರಿಯನ್ನು ನನ್ನ ತಮ್ಮ ಒಂದೊಂದಾಗಿ, ಅಚ್ಚುಕಟ್ಟಾಗಿ ಖಾಲಿ ಮಾಡಿದ್ದ. ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿ ನಡೆದದ್ದನ್ನೆಲ್ಲ ಹೇಳಿದೆ.

“ಅಂದ್ರೆ,” ಯಜಮಾನರು ನಿಧಾನವಾಗಿ ಕೇಳಿದರು, “ಖಾಲಿ ಮನೆಗೆ ಮೂರು ವರ್ಷ ಬಾಡಿಗೆ. ಇರೋ ಮನೆಗೆ ಬೇರೆ ಬಾಡಿಗೆ.”

“ಹೌದು ಸರ್.”

“ಬಿಲ್ ಎಷ್ಟಾಗುತ್ತೆ?”

“ಈಗಿರೋದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ.”

ಗಾಜಿನಾಚೆ ಫೋನಮ್ಮ ಯಾರಿಗೋ, “ಆತುರ ಪಡ್ಬೇಡಿ, ನಾನು ಲೈನಲ್ಲೇ ಇರ್ತೀನಿ,” ಎನ್ನುತ್ತಿದ್ದರು. ಅವರ ಕೆಲಸ ಉಳಿಸಲು ಹೊರಟು ಅದನ್ನು ನನ್ನ ಕೈಯಾರೆ ಕಿತ್ತುಹಾಕಿದ್ದೆ.

“ನಾನು ವಾಪಸ್ ಹಳೇದಕ್ಕೇ ಹಾಕ್ತೀನಿ,” ಅಂದ ತಮ್ಮ. ಅವನ ಮುಖ ಸಪ್ಪಗಾಗಿತ್ತು. “ಆದ್ರೆ ಎರಡು ವಾರ ಬೇಕು. ಅವಸರ ಮಾಡಿದ್ರೆ ಚಿತ್ರ ಕಳೆದುಹೋಗುತ್ತೆ.”

“ನನಗಿರೋದು ಶುಕ್ರವಾರದವರೆಗೆ,” ಅಂದರು ಯಜಮಾನರು.

ಓದುತ್ತಿರುವ ನಿಮಗೆ ದಾರಿ ಆಗಲೇ ಹೊಳೆದಿರಬಹುದು. ಹೆದರಿದವಳ ತಲೆ ಅಷ್ಟು ಬೇಗ ಓಡುವುದಿಲ್ಲ. ಪುಟವನ್ನು ಮೇಲೆ ಕೆಳಗೆ ಜಾರಿಸುತ್ತಾ ಇನ್ನೇನು ಮುಚ್ಚಬೇಕು, ಮೂಲೆಯಲ್ಲಿ ‘ಬದಲಾಯಿಸಿ’ ಎಂಬ ಗುಂಡಿ ಕಾಣಿಸಿತು. ಒಂದು ಕ್ಷಣ ಜೀವ ಬಂದ ಹಾಗಾಯಿತು. ಮರುಕ್ಷಣವೇ, ಇದನ್ನು ಹೇಳಿದರೆ ಮುಂದಿನ ಪ್ರಶ್ನೆ ಏನು ಬರುತ್ತದೆ ಎಂದೂ ಗೊತ್ತಾಯಿತು. ಆದರೂ ಹೇಳಿದೆ.

“ಬೇರೆ ಮಾದರಿಗೆ ಬದಲಾಯಿಸಿಕೊಳ್ಳಬಹುದು. ನಾನು ತಗೊಂಡಿರೋದು ಆ ಥರದ್ದು.”

ತಮ್ಮ ಪರದೆಗೆ ಮುಖ ತಾಗಿಸುವಷ್ಟು ಬಗ್ಗಿದ. “ಅದು ದುಬಾರಿ ಅಲ್ವಾ ಅಕ್ಕ? ಎರಡು ರೂಪಾಯಿ ಉಳಿಸೋಕೆ ಎರಡು ಬಸ್ಸು ಬಿಡೋಳು ನೀನು. ಅದನ್ನ ಯಾಕೆ ತಗೊಂಡೆ?”

ಸುಳ್ಳು ಹೇಳಲು ಒಂದೆರಡು ದಾರಿ ಹುಡುಕಿದೆ, ಸಿಗಲಿಲ್ಲ.

“ನಿನ್ನ ಮೇಲೆ ನಂಬಿಕೆ ಇರ್ಲಿಲ್ಲ ಕಣೋ.”

ಅವನು ನನ್ನನ್ನೇ ನೋಡಿದ. “ಯಾವಾಗಿಂದ?”

“ನೀನು ಹುಟ್ಟಿದಾಗಿಂದ.”

ಮೊದಲು ನಕ್ಕವರು ಯಜಮಾನರು. ಅವರು ಹಾಗೆ ನಗುವುದನ್ನು ನಾನು ಎಂಟು ವರ್ಷದಲ್ಲಿ ಕಂಡಿರಲಿಲ್ಲ. ತಮ್ಮ ನಗಲಿಲ್ಲ, ಕುರ್ಚಿಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟು, “ಸದ್ಯ,” ಅಂದ. ಆ ಒಂದು ಮಾತಿನಲ್ಲಿ ಕೋಪ ಎಳ್ಳಷ್ಟೂ ಇರಲಿಲ್ಲ. ನನಗೆ ನಾಚಿಕೆಯೂ ಆಯಿತು, ಅವನನ್ನು ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ನಮ್ಮ ಮನೆಯಲ್ಲಿ ಅದು ರೂಢಿಯಿಲ್ಲವಾದ್ದರಿಂದ ಅವನ ಕಡೆಗೆ ಕುರ್ಚಿ ಎಳೆದುಕೊಂಡೆ.

ಇಬ್ಬರೂ ಒಂದೇ ಪರದೆ ನೋಡುತ್ತಾ ಕೂತದ್ದು ಅದೇ ಮೊದಲು. ಬದಲಾಯಿಸುವುದಕ್ಕೂ ಒಂದು ನಿಯಮವಿತ್ತು. ಹೊಸದಾಗಿ ತೆಗೆದುಕೊಳ್ಳುವುದರ ಒಟ್ಟು ಬೆಲೆ ಹಳೆಯದರ ಒಟ್ಟು ಬೆಲೆಗಿಂತ ಕಡಿಮೆಯಿರಬಾರದು. ಹೊಸ ಮಾದರಿ ಅಗ್ಗವಾದ್ದರಿಂದ ಹದಿನಾಲ್ಕಕ್ಕೆ ಬದಲಾಗಿ ಹದಿನೇಳು ತೆಗೆದುಕೊಳ್ಳಬೇಕಾಗಿ ಬಂತು.

“ಮೂರು ಜಾಸ್ತಿ ಆಯ್ತಲ್ಲೋ,” ಅಂದೆ.

“ನೀನು ಆರನ್ನ ಯಾಕೆ ಬಿಟ್ಟಿದ್ದೆ?”

“ಬೆಳಗಿನ ಹೊತ್ತು ಮಾತ್ರ ಓಡುತ್ವೆ ಅಂತ.”

“ಅವು ಮೂರೇ ಅಕ್ಕ. ಮಿಕ್ಕ ಮೂರು ಹಗಲೂ ರಾತ್ರಿ ಓಡುತ್ವೆ. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.” ಆಮೇಲೆ, “ನಾನೂ ನಿನ್ನನ್ನ ಕೇಳ್ಬಹುದಿತ್ತು ಅನ್ನು,” ಅಂದ.

ಹದಿನೇಳೂ ಸರಿಯಾಗಿ ಕೂತವು. ನಾನು ಗುಂಡಿ ಒತ್ತಿದೆ. ಈ ಸಲ ಒತ್ತುವ ಮುಂಚೆ ಅವನ ಮುಖ ನೋಡಿದೆ, ಅವನು ಹೂಂ ಅಂದ. ಒಂದು ಗಂಟೆ ಕಾದು ಪುಟವನ್ನು ಮತ್ತೆ ತೆರೆದಾಗ ಬಳಕೆಯ ಜಾಗದಲ್ಲಿ ನೂರಕ್ಕೆ ನೂರು ಎಂದಿತ್ತು. ಬರುವ ತಿಂಗಳ ಬಿಲ್ ಎಷ್ಟಾಗಬಹುದೆಂದು ಎರಡು ಸಲ ಕೂಡಿ ನೋಡಿದೆ. ಯಜಮಾನರು ಕೇಳಿದ್ದು ನಾಲ್ಕರಲ್ಲಿ ಒಂದು ಭಾಗ. ನಮ್ಮಿಬ್ಬರ ಉಳಿತಾಯ ಸೇರಿ ಐದರಲ್ಲಿ ಎರಡು ಭಾಗಕ್ಕಿಂತಲೂ ಹೆಚ್ಚು ಇಳಿದಿತ್ತು. ಮೂರನೆಯ ಸಲ ತಮ್ಮನ ಕೈಲಿ ಕೂಡಿಸಿದೆ. ಅಷ್ಟೇ ಬಂತು.

ಯಜಮಾನರು ಕಾಗದವನ್ನು ಬೆಳಕಿಗೆ ಹಿಡಿದು ಎಕ್ಸ್-ರೇ ನೋಡುವಂತೆ ನೋಡಿದರು. ಆಮೇಲೆ ನಮ್ಮೆದುರಿಗೇ ಫೋನ್ ತೆಗೆದು, ರೆಕಾರ್ಡ್ ದನಿಯ ಕಂಪನಿಯವರಿಗೆ, “ಬೇಡ, ನಮ್ಮಲ್ಲಿ ಮನುಷ್ಯರೇ ಇದ್ದಾರೆ,” ಎಂದು ಹೇಳಿ ಇಟ್ಟರು. ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲವೋ ಏನೋ. ಊಟದ ಡಬ್ಬಿ ತೆಗೆದು ನನ್ನದನ್ನು ಮುಗಿಸಿ ತಮ್ಮನದಕ್ಕೂ ಕೈಹಾಕಿದೆ. ಅವನು ಡಬ್ಬಿಯನ್ನೇ ನನ್ನ ಕಡೆಗೆ ಸರಿಸಿದ.

ಮಧ್ಯಾಹ್ನ ಯಜಮಾನರು ಹೊರಗೆ ಹೋದ ಮೇಲೆ ಫೋನಮ್ಮ ನನ್ನನ್ನು ಸನ್ನೆ ಮಾಡಿ ಕರೆದರು. ನಮ್ಮ ಗಾಜಿನ ಗೋಡೆ ಮುಖಗಳನ್ನು ಮರೆಮಾಡುವುದಿಲ್ಲ, ಮಾತುಗಳನ್ನೂ ಅಷ್ಟಾಗಿ ತಡೆಯುವುದಿಲ್ಲ. ಆ ಯೋಚನೆ ನಮ್ಮ ಮೂವರಲ್ಲಿ ಒಬ್ಬರಿಗೂ ಬಂದಿರಲಿಲ್ಲ.

“ನನ್ನ ವಿಷಯ ತೀರ್ಮಾನ ಆಯ್ತೇನಮ್ಮ?” ಅಂದರು.

“ಏನು ಅಮ್ಮ?”

ಅವರು ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಹನ್ನೆರಡು ವರ್ಷ ಅವರು ಕೂತಿದ್ದ ಮೇಜಿನ ಡ್ರಾಯರಿನಲ್ಲಿ ಒಂದು ಗುಂಡುಪಿನ್ನೂ ಇರಲಿಲ್ಲ. ಒರೆಸಿ ಸ್ವಚ್ಛ ಮಾಡಿಟ್ಟಿದ್ದರು.

“ನಿಮಗೆ ಹೇಳೋಕೆ ಕಷ್ಟ ಆಗುತ್ತೆ ಅಂತ ದಿನಾ ಸ್ವಲ್ಪ ಸ್ವಲ್ಪ ಮನೆಗೆ ಸಾಗಿಸ್ತಿದ್ದೆ,” ಅಂದರು. “ಇವತ್ತು ಇದೊಂದೇ ಉಳಿದಿತ್ತು.”

ಕೈಚೀಲದಿಂದ ಒಂದು ದಪ್ಪ ನೋಟ್‌ಬುಕ್ ಹೊರಗೆ ತೆಗೆದರು. ಯಾವ ಡಾಕ್ಟರಿಗೆ ಯಾವ ಹೊತ್ತಿನಲ್ಲಿ ಸಿಟ್ಟು ಬರುತ್ತದೆ, ಯಾರ ಮಗಳು ಪರೀಕ್ಷೆ ಬರೆಯುತ್ತಿದ್ದಾಳೆ, ಯಾರೊಡನೆ ಏನು ಮಾತಾಡಿದರೆ ಸಮಾಧಾನವಾಗುತ್ತಾರೆ, ಎಲ್ಲವನ್ನೂ ಬರೆದಿಟ್ಟಿದ್ದರು. ಮೊದಲ ಪುಟದಲ್ಲಿ, ಹೊಸದಾಗಿ ಬರುವವರಿಗೆ ಎಂದಿತ್ತು. ಬರುವುದು ರೆಕಾರ್ಡ್ ಮಾಡಿದ ದನಿ ಎಂಬುದು ಮಾತ್ರ ಅವರಿಗೆ ಕೇಳಿಸಿರಲಿಲ್ಲ.

ನನಗೆ ಅಳು ತಡೆಯಲಾಗಲಿಲ್ಲ. ಫೋನಮ್ಮ ಗಾಬರಿಯಾಗಿ, “ಮೊದಲು ಒಂದು ಲೋಟ ನೀರು ಕುಡಿಯಮ್ಮ,” ಎಂದು ಎದ್ದುಹೋದರು. ಅವರು ಬರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಾನು ಕಣ್ಣೊರೆಸಿಕೊಂಡು, ನೋಟ್‌ಬುಕ್ಕನ್ನು ಖಾಲಿ ಡ್ರಾಯರಿನಲ್ಲಿಟ್ಟು ಮುಚ್ಚಿ, ಫೋನ್ ಎತ್ತಿ, “ಒಂದು ನಿಮಿಷ ಡಾಕ್ಟ್ರೇ, ಅಮ್ಮ ಇಲ್ಲೇ ಇದ್ದಾರೆ,” ಎಂದೆ.