ಸಂಪಗಾಂವದ ಬಾವಿಗೆ ಇಳಿದ ಬ್ಯಾಟರಿ

ಪಾರ್ಸಲ್ಲಿನಲ್ಲಿ ನೀರೊಳಗೂ ಉರಿಯುವ ಮೂರು ಬ್ಯಾಟರಿ, ಅಂದರೆ ಟಾರ್ಚು, ಬಂದಿದ್ದವು. ಒಂದನ್ನು ಇಟ್ಟುಕೊಂಡು ಎರಡನ್ನು ವಾರದೊಳಗೆ ವಾಪಸ್ ಕಳಿಸಬೇಕು. ಬೈಲಹೊಂಗಲದ ಬಜಾರಿನಲ್ಲಿರುವ ಗೆಳೆಯ ಗೌರೀಶನ ಮೋಟಾರ್ ರಿಪೇರಿ ಅಂಗಡಿಯಲ್ಲಿ ನಾನು ಅವನ್ನು ಸಾಲಾಗಿ ಇಟ್ಟಾಗ ಅವನ ಕಾಕಾ ಸೋಮಪ್ಪನವರು ಕಣ್ಣಿಗೆ ಚಾಳೀಸು ಏರಿಸಿ ಕೇಳಿದರು:

"ಇದೇನ್ ತಮ್ಮಾ, ಕಳ್ಳರನ್ನ ಹಿಡಿಯಾಕ ಹೊಂಟೀರೇನು?"

"ಮೀನಾ ನೋಡ್ಲಿಕ್ಕೆರಿ ಕಾಕಾ. ರಾತ್ರಿ, ಸಮುದ್ರದ ತಳದಾಗ."

"ಹಗಲಿ ಕಾಣೂದಿಲ್ಲೇನು ಅವು?"

"ಹಗಲಿ ಅವು ನಮ್ಮನ್ನ ನೋಡ್ತಾವರಿ. ರಾತ್ರಿ ನಮ್ಮ ಪಾಳಿ."

ಕಾಕಾ ನಕ್ಕರು. ನಾನು ಇದ್ದಲ್ಲಿ ಜನ ನಗಲೇಬೇಕು, ಅದು ಊರಿನ ಅಲಿಖಿತ ಕಾಯ್ದೆ. ಎಂ.ಎ. ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆದರೆ ಊರಿಗೆ ನಾನು ದನಿಗಳ ಕಿರಾಣಿ ಅಂಗಡಿ. "ತ್ರ್ಯಂಬಕ ಸರ್, ದೊಡವಾಡ ಬಸ್ಸಿನ ಕಂಡಕ್ಟರ್ ಮಾಡ್ರಿ." ಮಾಡುತ್ತೇನೆ. "ಪ್ರಿನ್ಸಿಪಾಲರು ಸೀನೂದು ಮಾಡ್ರಿ." ಅದನ್ನೂ ಮಾಡುತ್ತೇನೆ. ಗೌರೀಶನ ದನಿಯಂತೂ ನನಗೆ ಎಷ್ಟು ಬಾಯಿಪಾಠವೆಂದರೆ, ಅವನ ಕೈಗೆ ಗ್ರೀಸ್ ಹತ್ತಿದಾಗ ಅವನ ಫೋನನ್ನು ನಾನೇ ಎತ್ತಿ, ಅವನಾಗಿಯೇ ಗಿರಾಕಿಗಳನ್ನು ಬೈದು ಇಡುತ್ತಿದ್ದೆ. ಆಮೇಲೆ ಅವರು ಅಂಗಡಿಗೆ ಬಂದು ಅವನ ಜೊತೆ ಜಗಳ ತೆಗೆಯುತ್ತಿದ್ದರು.

ಹೋದ ಚಳಿಗಾಲ ಇಬ್ಬರೂ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಕಲಿತು ಸರ್ಟಿಫಿಕೇಟು ತಂದಿದ್ದೆವು. ಸವದತ್ತಿ ಡ್ಯಾಮಿನ ಹಿನ್ನೀರಿನಲ್ಲಿ ಈಜು ಕಲಿತವರಿಗೆ ಉಪ್ಪುನೀರು ಹೊಸದು. ಬಾಯಲ್ಲಿ ರಬ್ಬರಿನ ನಳಿಗೆ ಕಚ್ಚಿಕೊಂಡು ಮೂವತ್ತು ಅಡಿ ಕೆಳಗೆ ಕುಳಿತಾಗ ನನಗೆ ಆದದ್ದನ್ನು ಯಾರಿಗೂ ಹೇಳಿರಲಿಲ್ಲ, ಗೌರೀಶನಿಗೆ ಬಿಟ್ಟು. ಅಲ್ಲಿ ಯಾರ ದನಿಯನ್ನೂ ತೆಗೆಯಲು ಬರುವುದಿಲ್ಲ. ಕೇಳುವುದು ನನ್ನ ಉಸಿರೊಂದೇ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಇದು ಯಾರದೂ ಅಲ್ಲ, ನಂದು ಅನಿಸಿತ್ತು. ರಾತ್ರಿ ಇಳಿದರೆ ಇನ್ನೂ ನಿಶ್ಶಬ್ದ ಅಂತ ಕಲಿಸುವವರು ಹೇಳಿದ್ದರು. ಅವತ್ತಿನಿಂದ ನನಗೆ ಅದೊಂದೇ ಹುಚ್ಚು.

ಈ ಹಂಗಾಮಿನ ಕೊನೆಯ ರಾತ್ರಿ ಇಳಿತಕ್ಕೆ ಉಳಿದದ್ದು ಎರಡೇ ಜಾಗ. ಜೋಡಿಯಾಗಿಯೇ ಇಳಿಯಬೇಕು. ಜೋಡಿ ನಾವೇ, ಇಬ್ಬರ ಹೆಸರೂ ಬರೆಸಿಯಾಗಿತ್ತು. ನೀರಿನಲ್ಲಿ ಮಾತಿಲ್ಲವಾದ್ದರಿಂದ ಬ್ಯಾಟರಿಯೇ ನಾಲಿಗೆ: ಬೆಳಕನ್ನು ಗುಂಡಗೆ ತಿರುಗಿಸಿದರೆ 'ಎಲ್ಲಾ ಆರಾಮ', ಅತ್ತಿತ್ತ ಜೋರಾಗಿ ಬೀಸಿದರೆ 'ಇತ್ಲಾಗ ನೋಡು, ಅಪಾಯ'. ಅಂಗಡಿಯ ಶಟರ್ ಅರ್ಧ ಇಳಿಸಿ ಗೋಡೆಯ ಮೇಲೆ ಎಷ್ಟು ಸಲ ಗುಂಡಗೆ ತಿರುಗಿಸಿದ್ದೆವೋ!

ಒಂದು ಬ್ಯಾಟರಿ ಅಲ್ಲಿಯವರೇ ಕೊಡುತ್ತಾರೆ, ಇನ್ನೊಂದನ್ನು ಆರಿಸುವ ಕೆಲಸ ನನ್ನದು. ಮೂರನೇ ಕಣ್ಣು ಹೆಸರಿನಲ್ಲಿ ಹುಟ್ಟಿನಿಂದಲೇ ಇತ್ತು, ಕೈಗೆ ಬರುವುದಷ್ಟೇ ಬಾಕಿ. ಒತ್ತುವ ಗುಂಡಿಗಿಂತ ಸರಿಸುವ ಗುಂಡಿ ಲೇಸು, ಮಣಿಕಟ್ಟಿಗೆ ದಾರ ಬೇಕು, ಚೀಲದೊಳಗೆ ತಾನೇ ಹೊತ್ತಿಕೊಳ್ಳದ ಹಾಗೆ ಕೀಲಿ ಇರಬೇಕು ಅಂತ ಓದಿ ಓದಿ ಕಣ್ಣು ಕೆಂಪಾಗಿದ್ದವು. ಸೋಮಪ್ಪ ಕಾಕಾ ಅದೆಲ್ಲವನ್ನೂ ಒಂದೇ ಮಾತಿನಲ್ಲಿ ಬದಿಗೆ ಸರಿಸಿದರು.

"ಬೋರಿನೊಳಗ ಇಳಿಸೋ ಮೋಟಾರು ಸಾಯೂದು ವಾಶರಿನಿಂದ ತಮ್ಮಾ. ಬೆಳಕು ಆಮ್ಯಾಲೆ. ಮದಲ ಬಾಗಲಾ ಗಟ್ಟಿ ಐತೇನ ನೋಡ್ರಿ."

ಸೋಮವಾರ ಮಟಮಟ ಮಧ್ಯಾಹ್ನ ಮೂವರೂ ಸಂಪಗಾಂವಕ್ಕೆ ಹೋದೆವು. ಗೌರೀಶನ ಹೊಲದ ಕಲ್ಲುಬಾವಿಯ ತಳದಲ್ಲಿ ಆ ಹೊತ್ತಿಗೂ ಕತ್ತಲೆ. ಕಾಕಾ ಮೂರೂ ಬ್ಯಾಟರಿಗಳ ಸೆಲ್ಲು ತೆಗೆದರು. ಅಂಗಿಯ ಕಿಸೆಯಿಂದ ಸವದತ್ತಿ ಎಲ್ಲಮ್ಮನ ಭಂಡಾರದ, ಅಂದರೆ ಪ್ರಸಾದದ ಅರಿಷಿನದ, ಪುಡಿಕೆ ತೆಗೆದು, ಒಂದೊಂದು ಚಿಟಿಕೆಯನ್ನು ಪೇಪರಿನ ಚೂರಿನಲ್ಲಿ ಸುತ್ತಿ, ಸೆಲ್ಲಿನ ಜಾಗದಲ್ಲಿಟ್ಟು ಮುಚ್ಚಳ ತಿರುಗಿಸಿದರು. ಮೋಟಾರಿನ ಡಬ್ಬಿಗಳನ್ನು ನಲವತ್ತು ವರ್ಷ ಅವರು ಪರೀಕ್ಷೆ ಮಾಡಿದ್ದೇ ಹೀಗೆ. ಒಂದು ಹನಿ ಒಳಗೆ ಬಂದರೂ ಭಂಡಾರ ಕೆಸರು.

ಮೂರನ್ನೂ ಹಗ್ಗಕ್ಕೆ ಬಿಗಿದು, ಕಲ್ಲು ಕಟ್ಟಿ ನಲವತ್ತು ಅಡಿ ಇಳಿಸಿದೆವು. ಹಗ್ಗ ನನ್ನ ಕೈಯಲ್ಲಿ.

"ಅರ್ಧಾ ತಾಸು ಬಿಡ್ರಿ," ಅಂದರು ಕಾಕಾ.

"ನಾ ಒಂದು ಗಿರಾಕಿಗೆ ಫೋನ್ ಮಾಡಿ ಬರತೇನಿ," ಅಂತ ಗೌರೀಶ ಬೇವಿನ ಗಿಡದ ಕಡೆ ಹೋದ. ಅರ್ಧ ತಾಸೂ ಅಲ್ಲೇ ಇದ್ದ. ಅಂಗೈ ಉರಿಯುತ್ತಿದ್ದರೂ ನಾನು ಹಗ್ಗ ಬಿಡಲಿಲ್ಲ. ಜೋಡಿಯವನ ಪ್ರಾಣದ ಪ್ರಶ್ನೆ ನೋಡಿ.

ಮೇಲೆತ್ತಿದಾಗ ಎಲ್ಲಕ್ಕಿಂತ ಭರ್ಜರಿ ಬ್ಯಾಟರಿಯೊಳಗೆ ಭಂಡಾರ ಕೆಸರಾಗಿತ್ತು. ಉಳಿದೆರಡರಲ್ಲಿ ಬೆರಳಿಗೆ ಹತ್ತುವಷ್ಟು ಒಣ. ಒಂದರ ಬೆಳಕು ಅಗಲ, ಇನ್ನೊಂದರದು ಕೋಲಿನಂತೆ ನೇರ.

"ಅಗಲಂದ ಇರಲಿ," ಅಂದ ಗೌರೀಶ. "ಚಿತ್ರ ಛಂದ ಬರತೈತಿ."

"ಎಂಥಾ ಚಿತ್ರನೋ? ನಮ್ಮ ಕಡೆ ಕ್ಯಾಮೆರಾನೇ ಇಲ್ಲ."

"ಹಂಗಲ್ಲಲೇ, ಸುಮ್ನ ಅಂದೆ. ಕಣ್ಣಿಗಿ."

"ಮಂಜಿನಾಗ ಲಾರಿಯವ ಫುಲ್ ಲೈಟ್ ಹಾಕಿದ್ರ ಏನಾಗ್ತದ? ಮಂಜಷ್ಟೇ ಕಾಣ್ತದ. ನೀರಾಗೂ ಹಂಗ. ನೇರಂದಿದ್ರ ದೂರ ಮುಟ್ತದ. ನೀ ತಪ್ಪಿಸಿಕೊಂಡ್ರ ನಿನ್ನ ಹುಡುಕಬೇಕಲ್ಲ ನಾ?"

ಅವನು ಹಗ್ಗ ಸುತ್ತತೊಡಗಿದ. "ಆತು ಬಿಡು, ನೀ ಅಂದಂಗ."

ಗುರುವಾರ ಕಾಲೇಜು ಬಿಟ್ಟು ಅಂಗಡಿಗೆ ಹೋದಾಗ ಗೌರೀಶ ಕಿತ್ತೂರಿಗೆ ಮೋಟಾರು ಕೂಡಿಸಲು ಹೋಗಿದ್ದ. ಫೋನು ಮರೆತು ಹೋಗಿದ್ದ, ಚಾರ್ಜಿಗೆ ಹಾಕಿದಲ್ಲೇ ಇತ್ತು. ಅದು ಹೊಡೆದುಕೊಂಡಿತು. ಮುರುಡೇಶ್ವರದ ಸ್ಕೂಬಾದವರ ನಂಬರು. ರೂಢಿಯಂತೆ ಎತ್ತಿದೆ, ರೂಢಿಯಂತೆ ಗೌರೀಶನಾದೆ.

"ಹಾಂ, ಹೇಳ್ರಿ ಮೇಡಮ್ಮಾರ."

"ಗೌರೀಶ್ ಅವರೇ, ರಾಮದುರ್ಗದ ಯುವರಾಜ್ ಅವರ ಫಾರ್ಮ್ ಬಂತು ಮಾರಾಯ್ರೆ. ಎಲ್ಲಾ ಸರಿ ಉಂಟು. ನೀವು, ಅವರು, ಎರಡು ಹೆಸರು ಪಕ್ಕಾ ಮಾಡ್ಲಾ?"

ಯುವರಾಜನನ್ನು ನಾನು ಬಲ್ಲೆ. ನೀರೊಳಗಿನ ಕ್ಯಾಮೆರಾ ಕೊಂಡಿರುವ, ಮೊಬೈಲಿನಲ್ಲಿ ಲಕ್ಷ ಜನ ನೋಡುವ ಮನುಷ್ಯ. ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ದನಿ ಮಾತ್ರ ಗೌರೀಶನದೇ ಉಳಿಯಿತು. ಹಾಳು ರೂಢಿ.

"ಮತ್ತ... ನಮ್ಮ ತ್ರ್ಯಂಬಕಂದು?"

"ಅವರದ್ದು ತೆಗೆದಾಯ್ತಲ್ಲ. ಕಿವಿಯ ಪರದೆ ತೂತು ಬಿದ್ದಿದೆ ಅಂತ ಸೋಮವಾರ ನೀವೇ ಹೇಳಿದ್ದಲ್ದಾ? ಆರೋಗ್ಯದ ಕಾರಣ ಇಲ್ಲದಿದ್ರೆ ನಾವು ಹೆಸರು ಬದಲಾಯ್ಸೋದೇ ಇಲ್ಲ. ಪಾಪ, ಅವರಿಗೆ ನಾವು ಫೋನ್ ಮಾಡೋದು ಬೇಡ, ಬೇಜಾರು ಮಾಡ್ಕೊಳ್ತಾರೆ ಅಂದ್ರಿ. ಒಳ್ಳೆ ಸ್ನೇಹಿತರು ನೀವು."

ಸೋಮವಾರ. ಬೇವಿನ ಗಿಡ. ಅರ್ಧ ತಾಸು.

"ಹೌದ್ರಿ," ಅಂದೆ ಗೌರೀಶನ ದನಿಯಲ್ಲಿ. "ಭಾಳ ಒಳ್ಳೆ ಗೆಳ್ಯಾ ನಾನು."

ಫೋನಿಟ್ಟು ಮೂಲೆಯ ಕಡೆ ನೋಡಿದೆ. ವಾಪಸ್ ಹೋಗಬೇಕಾದ ಎರಡರಲ್ಲಿ ಕೆಸರಾದದ್ದನ್ನು ಮಾತ್ರ ಕಟ್ಟಿಟ್ಟಿದ್ದರು. ಅಗಲ ಬೆಳಕಿನದು ಗೌರೀಶನ ಚೀಲದೊಳಗಿತ್ತು. ಕ್ಯಾಮೆರಾದವನಿಗೆ ಅದೇ ಬೇಕು.

ಸಂಜೆ ಐದಕ್ಕೆ ಅವನು ಬಂದ. ಕಾಕಾ ಒಳಗೆ ತಂತಿ ಸುತ್ತುತ್ತಿದ್ದರು. ನಾನು ನೇರ ಬೆಳಕಿನ ಬ್ಯಾಟರಿಯನ್ನು ಬಿಚ್ಚಿ, ವಾಶರನ್ನು ಮೆತ್ತನೆಯ ಅರಿವೆಯಿಂದ ಒರೆಸುತ್ತಿದ್ದೆ. ಕೂದಲಿನಷ್ಟು ನೂಲು ಸಿಕ್ಕಿಕೊಂಡಿತ್ತು. ತೆಗೆದೆ. ಮುಚ್ಚಳ ತಿರುಗಿಸಿದೆ. ಆಮೇಲೆ ಬಾಯಿ ತೆರೆದೆ:

"ಗೌರೀಶ್ ಅವರೇ, ಯುವರಾಜ್ ಅವರ ಫಾರ್ಮ್ ಬಂತು ಮಾರಾಯ್ರೆ."

ಅವನು ಮೊದಲು ನಕ್ಕ. ಅಷ್ಟು ಹುಬೇಹೂಬ್ ಬಂದಿತ್ತು. ನಗು ಅರ್ಧಕ್ಕೆ ನಿಂತಾಗ ಮೇಜಿನ ಮೇಲಿನ ಫೋನು ನೋಡಿದ.

"ನೀ ಎತ್ತಿದಿ?"

"ನಾ ಅಲ್ಲ, ನೀನ ಎತ್ತಿದಿ. ನನ್ನ ಕಿವಿ ತೂತು ಅಂತ ನೀ ಹೇಳಿದ್ದನ್ನ ನೀನ ಕೇಳಿಸಿಕೊಂಡಿ."

"ಲೇ ತ್ರ್ಯಂಬ್ಯಾ, ಹಂಗಲ್ಲೋ... ಹೋದ ಸಲ ನೀರಾಗ ಆ ಕಲಿಸಾಂವನ ನಡಿಗಿ ನಕಲಿ ಮಾಡಿ ನನ್ನ ನಗಸಿದಿ. ಮಾಸ್ಕಿನಾಗ ನೀರು ಹೊಕ್ಕು ಸತ್ತೇನಂದ್ನಿ ನಾ. ಹಗಲಿ ಆತು ನಡೀತು. ರಾತ್ರಿ ನಿನ್ನ ಜೋಡಿ ನನಗ ಅಂಜಿಕಿ ಐತಿ."

"ಇದನ್ನ ನನಗ ಹೇಳಬಹುದಾಗಿತ್ತು."

"ಹೇಳಿದ್ರ ಅದನ್ನೂ ನಕಲಿ ಮಾಡಿ ಬಜಾರ ತುಂಬ ನಗಸ್ತಿದ್ದಿ."

ಅದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಹೆಚ್ಚು ನಟ್ಟಿತು.

"ಮತ್ತ ಯುವರಾಜ? ಅವನ ಕ್ಯಾಮೆರಾಕ್ಕ ಅಂಜಿಕಿ ಇಲ್ಲೇನು?"

ಅವನು ತನ್ನ ಚೀಲದ ಬಾಯಿ ಎಳೆದು ಮುಚ್ಚಿದ. ನಾನು ಬ್ಯಾಟರಿಯನ್ನು ಅವನ ಕಡೆ ಚಾಚಿದೆ. "ತಗೋ. ಇಪ್ಪತ್ತು ದಿನಾ ಓದಿ ಆರಿಸಿದ್ದದ."

ಅವನು ತೆಗೆದುಕೊಂಡ. ತಿರುವಿ ಮುರುವಿ ನೋಡಿದ. ಮುಚ್ಚಳದ ಮೇಲೆ ಬೆರಳಾಡಿಸಿದ.

"ನಾ ಬರೂಮುಂದ ಇದನ್ನ ಬಿಚ್ಚಿದ್ದಿಯಲ್ಲ... ಒಳಗ ಏನ ಮಾಡಿದಿ?"

ಕಿವಿಯ ಸುಳ್ಳು ಮನಸ್ಸಿಗೆ ಅಷ್ಟು ಹತ್ತಿರಲಿಲ್ಲ. ಇದು ಹತ್ತಿತು. ನಾನು ಅರಿವೆಯನ್ನು ಮಡಚಿ ಮೇಜಿನ ಮೇಲಿಟ್ಟೆ. ಅವನು ನನ್ನೆದುರೇ ಮುಚ್ಚಳ ಬಿಚ್ಚಿದ, ಸೆಲ್ಲು ತೆಗೆದ, ಕಾಕಾನ ಪುಡಿಕೆಯಿಂದ ಭಂಡಾರ ಸುತ್ತಿಟ್ಟ, ಮೋಟಾರು ಪರೀಕ್ಷಿಸುವ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಹಿಡಿದ. ಹತ್ತು ನಿಮಿಷ. ತಂತಿ ಸುತ್ತುವುದನ್ನು ಬಿಟ್ಟು ಕಾಕಾ ಎದ್ದು ಬಂದಿದ್ದರು.

ತೆಗೆದು ಬಿಚ್ಚಿದ. ಪೇಪರು ಬಿಡಿಸಿದ. ಒಣ.

ಕಾಕಾ ಅವನ ಕೈಯಿಂದ ಆ ಚೂರನ್ನು ಕಸಿದುಕೊಂಡರು. ಭಂಡಾರ ನೆಲಕ್ಕೆ ಚೆಲ್ಲುವ ವಸ್ತುವಲ್ಲ. ಇದ್ದಷ್ಟನ್ನೂ ನನ್ನ ಹಣೆಗೆ ಹಚ್ಚಿ, ಬೆರಳಿಗೆ ಉಳಿದದ್ದನ್ನು ತಮ್ಮ ಹಣೆಗೆ ಒರೆಸಿಕೊಂಡರು. ಗೌರೀಶನಿಗೆ ಉಳಿಯಲಿಲ್ಲ.

"ಬರತೇನ್ರಿ ಕಾಕಾ," ಅಂದೆ. ಯಾರ ದನಿಯೂ ಅಲ್ಲದ ದನಿ. ನನಗೇ ಅಪರಿಚಿತವೆನಿಸಿತು.

ಬಸ್‌ಸ್ಟ್ಯಾಂಡಿನ ಕಡೆ ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಗೌರೀಶ ಕೂಗಿದ. ಒಂದು ಸಲ, ಎರಡು ಸಲ. ಬಜಾರಿನ ಗದ್ದಲದಲ್ಲೂ ಸ್ವಚ್ಛ ಕೇಳಿಸಿತು. ಕಿವಿ ಎರಡೂ ಛಲೋ ಇದ್ದವು. ನಾನು ತಿರುಗಲಿಲ್ಲ.